ಅಳಿಯುವ ಗೆರೆ, ಉಳಿಯುವ ಗೆರೆ

ಆಟಿ ತಿಂಗಳ ಜಡಿಮಳೆ ಹಿಂದೆ ಸರಿದು, ಆಗೊಮ್ಮೆ ಈಗೊಮ್ಮೆ ಬಿಸಿಲಿನ ಮುಖ ಕಾಣುವ ಹೊತ್ತಿಗೆ ಕರಾವಳಿಯಲ್ಲಿ ಸೋಣ ತಿಂಗಳು ಕಾಲಿಡುತ್ತದೆ. ಪಂಚಾಂಗದ ಲೆಕ್ಕದಲ್ಲಿ ಇದು ಸಿಂಹ ಮಾಸ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ಅವಧಿ. ಉಡುಪಿ, ಕುಂದಾಪುರ ಸೀಮೆಯ ಅನೇಕ ಮನೆಗಳಲ್ಲಿ ಈ ತಿಂಗಳು ಪೂರ್ತಿ ಹೊಸ್ತಿಲ ಪೂಜೆ ನಡೆಯುತ್ತದೆ. ಬೆಳಿಗ್ಗೆ ಮಿಂದು ಬಂದ ಮನೆಯಾಕೆ ಹೊಸ್ತಿಲನ್ನು ತೊಳೆದು, ಶೇಡಿಯಿಂದ ಅದರ ಮೇಲೆ ರಂಗೋಲಿ ಬರೆದು, ಹೂವಿಟ್ಟು ಕೈ ಮುಗಿಯುತ್ತಾಳೆ. ಮರುದಿನ ಬೆಳಿಗ್ಗೆ ನಿನ್ನೆಯ ಗೆರೆಗಳೆಲ್ಲ ನೀರಿನಲ್ಲಿ ತೊಳೆದು ಹೋಗುತ್ತವೆ. ಮತ್ತೆ ಅದೇ ಹೊಸ್ತಿಲು, ಅದೇ ಶೇಡಿ, ಹೊಸ ಗೆರೆ.

ಇದು ಪೂಜೆ ಎಂಬುದು ಎಲ್ಲರಿಗೂ ಗೊತ್ತು. ಇದು ಚಿತ್ರಾಭ್ಯಾಸವೂ ಹೌದು ಎಂಬ ಕಡೆಗೆ ಗಮನ ಹೋಗುವುದು ಕಡಿಮೆ. ಹೊಸ್ತಿಲು ಉದ್ದವಾದ, ಅಗಲ ಕಡಿಮೆಯಾದ ಜಾಗ. ಅಷ್ಟರೊಳಗೆ ವಿನ್ಯಾಸ ಹಿಡಿಯಬೇಕು. ಎಡದ ತುದಿಯಿಂದ ಹೊರಟ ಬಳ್ಳಿ ಬಲದ ತುದಿಗೆ ಮುಟ್ಟುವಾಗ ಸುರುಳಿಗಳು ಹೆಚ್ಚೂ ಆಗಬಾರದು, ಕಡಿಮೆಯೂ ಬೀಳಬಾರದು. ಅಳತೆಪಟ್ಟಿಯಿಲ್ಲ, ಅಳಿಸುವ ರಬ್ಬರ್ ಇಲ್ಲ. ಮದುವೆಯಾಗಿ ಬಂದ ವರ್ಷ ಎಡವಟ್ಟಾಗಿ ಮೂಡಿದ ಬಳ್ಳಿ, ಹತ್ತು ಸೋಣ ಕಳೆದ ಮೇಲೆ ಕಣ್ಣು ಮುಚ್ಚಿ ಬರೆದಷ್ಟು ಸಲೀಸಾಗಿ ಬರುತ್ತದೆ. ನಡುವೆ ಕಲಿಸಿದವರು ಯಾರೂ ಇಲ್ಲ. ಕಲಿಸಿದ್ದು ದಿನಗಳ ಎಣಿಕೆ.

ಚಿತ್ರ ಬರೆಯುವುದನ್ನು ದಿನದ ಕೆಲಸವಾಗಿ ಇಟ್ಟುಕೊಂಡರೆ ಮನುಷ್ಯ ಏನನ್ನು ಕಲಿಯುತ್ತಾನೆ? ಪ್ರಶ್ನೆ ಹಳೆಯದು. ಅದಕ್ಕೆ ಉತ್ತರ ಹುಡುಕಲು ಉಡುಪಿಯ ಆಸುಪಾಸಿನ ಇಪ್ಪತ್ತು ಮೂವತ್ತು ಮೈಲಿಯೊಳಗೇ ಸಾಕಷ್ಟು ಸಾಮಗ್ರಿ ಇದೆ. ಇಲ್ಲಿ ಗೆರೆ ಎಳೆದು ಅಳಿಸುವ ಪರಂಪರೆಯೂ ಇದೆ, ಗೆರೆಯನ್ನು ಕಾಗದದ ಮೇಲೆ ಉಳಿಸಿ ಲೋಕಕ್ಕೆ ತೋರಿಸಿದ ಕಲಾವಿದನೂ ಇದ್ದಾನೆ.

ತಿದ್ದುವುದು ಎಂಬ ಮಾತು

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ರಂಗೋಲಿಯನ್ನೂ ಬರೆಯುತ್ತಾರೆ. ಮೂರಕ್ಕೂ ಒಂದೇ ಕ್ರಿಯಾಪದ. ಇದಕ್ಕಿಂತ ಸ್ವಾರಸ್ಯದ ಮಾತು ‘ತಿದ್ದುವುದು’. ಮಗು ಅಕ್ಷರ ತಿದ್ದುತ್ತದೆ ಎಂದರೆ ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತದೆ ಎಂದರ್ಥ. ಮೇಷ್ಟರು ತಪ್ಪು ತಿದ್ದುತ್ತಾರೆ ಎಂದರೆ ಸರಿಪಡಿಸುತ್ತಾರೆ ಎಂದರ್ಥ. ಪುನರಾವರ್ತನೆಗೂ ಸುಧಾರಣೆಗೂ ಭಾಷೆ ಒಂದೇ ಹೆಸರಿಟ್ಟಿದೆ. ಹಿಂದೆ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅಂಗೈಯಿಂದ ಒಮ್ಮೆ ಸವರಿದರೆ ತಪ್ಪು ಮಾಯ, ಹೊಸ ಪುಟ ಸಿದ್ಧ.

ಈ ವ್ಯವಸ್ಥೆಯ ಜಾಣ್ಮೆಯನ್ನು ಗಮನಿಸಬೇಕು. ತಪ್ಪು ಉಳಿಯುವುದಿಲ್ಲವಾದ್ದರಿಂದ ತಪ್ಪಿನ ಅಂಜಿಕೆಯೂ ಇಲ್ಲ. ಇಂದು ಡ್ರಾಯಿಂಗ್ ಪುಸ್ತಕ ಕೊಂಡು ತಂದವರಲ್ಲಿ ಬಹಳ ಮಂದಿ ನಾಲ್ಕನೆಯ ಪುಟಕ್ಕೇ ನಿಲ್ಲುವುದು ಸೋಮಾರಿತನದಿಂದಲ್ಲ. ಮೊದಲ ಮೂರು ಪುಟಗಳನ್ನು ನೋಡಿ ನಾಚಿಕೆಯಾಗುವುದರಿಂದ. ಹೊಸ್ತಿಲ ಮೇಲೆ ಬರೆಯುವವಳಿಗೆ ಆ ತೊಡಕಿಲ್ಲ. ಇಂದಿನದು ಸೊಟ್ಟಗಾದರೆ ನಾಳೆ ನೀರಿದೆ. ಪೂಜೆ ತಪ್ಪಿಸುವಂತಿಲ್ಲವಾದ್ದರಿಂದ ಬರೆಯುವುದನ್ನು ತಪ್ಪಿಸುವಂತೆಯೂ ಇಲ್ಲ. ಅಭ್ಯಾಸವನ್ನು ಉಳಿಸಿದ್ದು ಉತ್ಸಾಹಕ್ಕಿಂತ ಹೆಚ್ಚಾಗಿ ಈ ಕಟ್ಟುಪಾಡು.

ಚೌಕಿಯ ಕನ್ನಡಿ

ಇದೇ ಕ್ರಮ ಯಕ್ಷಗಾನದ ಚೌಕಿಯಲ್ಲಿ ಇನ್ನೂ ತೀವ್ರವಾಗಿ ಕಾಣುತ್ತದೆ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಡುವ ಮೇಳಗಳು ಮೇ ತಿಂಗಳ ಪತ್ತನಾಜೆಯವರೆಗೆ ಊರಿಂದೂರಿಗೆ ಸಾಗುತ್ತವೆ. ಸುಮಾರು ಆರು ತಿಂಗಳು, ಹೆಚ್ಚುಕಡಿಮೆ ಪ್ರತಿ ರಾತ್ರಿ, ಕಲಾವಿದ ಪುಟ್ಟ ಕನ್ನಡಿ ಮುಂದಿಟ್ಟುಕೊಂಡು ತನ್ನ ಮುಖದ ಮೇಲೆ ತಾನೇ ಚಿತ್ರ ಬರೆಯುತ್ತಾನೆ. ಬಣ್ಣದ ಲೇಪ, ಹಣೆಯ ನಾಮ, ಹುಬ್ಬಿನ ಓಟ, ಕಣ್ಣಿನ ಸುತ್ತಿನ ಕಪ್ಪು ಎಲ್ಲಕ್ಕೂ ಪಾತ್ರಕ್ಕೆ ತಕ್ಕ ಕ್ರಮವಿದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷವಾದರೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟಿನಿಂದ ಸಾಲು ಸಾಲಾಗಿ ಚುಟ್ಟಿ ಇಡಬೇಕು. ಅದೊಂದಕ್ಕೇ ಗಂಟೆಗಟ್ಟಲೆ ಹೊತ್ತು ಬೇಕು. ಬೆಳಗಾಗುವಾಗ ಎಣ್ಣೆ ಹಚ್ಚಿ ಒರೆಸಿದರೆ ಎಲ್ಲ ಮುಗಿಯಿತು.

ಮುಖದ ಚಿತ್ರಕ್ಕೆ ಕಾಗದದ ಚಿತ್ರಕ್ಕಿಲ್ಲದ ಒಂದು ಪರೀಕ್ಷೆಯಿದೆ. ಅದು ಚಲಿಸುತ್ತದೆ. ಕನ್ನಡಿಯಲ್ಲಿ ಸರಿಯಾಗಿ ಕಂಡ ಹುಬ್ಬು, ಕಲಾವಿದ ರಂಗದಲ್ಲಿ ಹುಬ್ಬೇರಿಸಿದಾಗ ಅತ್ತಿತ್ತ ಆಗಬಹುದು. ದೂರದಲ್ಲಿ ಕುಳಿತವರಿಗೆ ಕಣ್ಣೇ ಕಾಣದಂತೆ ಗೆರೆ ತೆಳುವಾಗಬಹುದು. ಅಂದಿನ ರಾತ್ರಿಯ ತಪ್ಪನ್ನು ಮರುರಾತ್ರಿ ತಿದ್ದಿಕೊಳ್ಳಲು ಅವಕಾಶವಿದೆ. ಒಬ್ಬೊಬ್ಬ ಕಲಾವಿದನೂ ತನ್ನ ಮೂಗಿನ ಉದ್ದ, ಕೆನ್ನೆಯ ಅಗಲಕ್ಕೆ ಹೊಂದುವಂತೆ ಪರಂಪರೆಯ ರೇಖೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋಗುತ್ತಾನೆ. ನೂರಾರು ರಾತ್ರಿಗಳಾದ ಮೇಲೆ ಅದು ಅವನದೇ ವೇಷವೆಂದು ಪ್ರೇಕ್ಷಕರು ಗುರುತಿಸುವಷ್ಟು ವಿಶಿಷ್ಟವಾಗುತ್ತದೆ. ಶಿವರಾಮ ಕಾರಂತರು ಮತ್ತು ಕು.ಶಿ. ಹರಿದಾಸ ಭಟ್ಟರ ಆಸಕ್ತಿಯಿಂದ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗುವವರೆಗೆ ಈ ವಿದ್ಯೆಗೆ ಚೌಕಿಯೇ ಪಾಠಶಾಲೆಯಾಗಿತ್ತು. ಹಿರಿಯರ ಪಕ್ಕದಲ್ಲಿ ಕುಳಿತು ನೋಡುವುದೇ ಪಾಠವಾಗಿತ್ತು.

ಕಾರ್ಕಳದ ಕಲ್ಲು

ಕಾರ್ಕಳದ ಶಿಲ್ಪಿಗಳ ರೇಖೆಯ ಪಾಡು ಇನ್ನೊಂದು ಬಗೆಯದು. 1432ರಲ್ಲಿ ವೀರಪಾಂಡ್ಯನ ಕಾಲದಲ್ಲಿ ಪ್ರತಿಷ್ಠೆಯಾದ ಸುಮಾರು 42 ಅಡಿ ಎತ್ತರದ ಏಕಶಿಲೆಯ ಗೊಮ್ಮಟನಿರುವ ಊರು ಅದು. ಐದು ಶತಮಾನ ಕಳೆದ ಮೇಲೆ, ಧರ್ಮಸ್ಥಳಕ್ಕೆ ಬೇಕಾದ ಬಾಹುಬಲಿಯನ್ನು ಕಡೆಯುವ ಕೆಲಸವೂ ಕಾರ್ಕಳಕ್ಕೇ ಬಂತು. ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರ ನೇತೃತ್ವದಲ್ಲಿ 39 ಅಡಿಯ ವಿಗ್ರಹ ರೂಪುಗೊಂಡಿತು. 1973ರಲ್ಲಿ ಅದನ್ನು ರಸ್ತೆಯ ಮೇಲೆ ಸಾಗಿಸಲಾಯಿತು. 1982ರಲ್ಲಿ ಪ್ರತಿಷ್ಠೆ ನಡೆಯಿತು.

ಇಂಥ ಕೆಲಸದಲ್ಲಿ ಚಿತ್ರ ಬರೆಯುವುದು ಮೊದಲ ದಿನಕ್ಕೆ ಮುಗಿಯುವುದಿಲ್ಲ. ಕಲ್ಲಿನ ಮುಖದ ಮೇಲೆ ಗೆರೆ ಹಾಕಿಕೊಂಡು ಉಳಿ ಇಟ್ಟರೆ, ಉಳಿ ಮೊದಲು ಕಿತ್ತುಹಾಕುವುದು ಆ ಗೆರೆಯನ್ನೇ. ಒಂದು ಪದರ ಇಳಿದ ಕೂಡಲೇ ಮತ್ತೆ ಅಳೆದು, ಮತ್ತೆ ಬರೆಯಬೇಕು. ಕೆಲಸ ಮುಂದುವರಿದಿದೆ ಎಂಬುದಕ್ಕೆ ಚಿತ್ರ ಅಳಿದಿರುವುದೇ ಸಾಕ್ಷಿ. ಆದ್ದರಿಂದ ಶಿಲ್ಪಿ ನೆಚ್ಚಿಕೊಳ್ಳುವುದು ಎಳೆದ ಗೆರೆಯನ್ನಲ್ಲ, ಗೆರೆಯ ಹಿಂದಿನ ಲೆಕ್ಕವನ್ನು. ಮುಖದ ಉದ್ದ ಒಂದು ತಾಳ, ತಾಳಕ್ಕೆ ಹನ್ನೆರಡು ಅಂಗುಲ ಎಂಬುದು ಶಿಲ್ಪಶಾಸ್ತ್ರದ ಮೂಲ ಅಳತೆ. ದೇವತೆಯ ಸ್ಥಾನಕ್ಕೆ ತಕ್ಕಂತೆ ಮೂರ್ತಿ ನವತಾಳವೋ ದಶತಾಳವೋ ಆಗುತ್ತದೆ. ಈ ಲೆಕ್ಕ ತಲೆಯಲ್ಲಿದ್ದರೆ ಸಾಲದು. ಅಂಗೈ ಅಗಲದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಅದನ್ನು ಕಣ್ಣಂದಾಜಿನಲ್ಲೇ ಹೊಂದಿಸಲು ಬರಬೇಕು. ಅದಕ್ಕೇ ಶಿಲ್ಪಿಯ ಮನೆಯ ಹುಡುಗನ ಕೈಗೆ ಉಳಿಗಿಂತ ಮೊದಲು ಬರೆಯುವ ಕಡ್ಡಿ ಬರುತ್ತದೆ. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ನಡೆಯುವ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಈ ವಿದ್ಯೆಯನ್ನು ಮನೆತನದ ಆಚೆಗಿನ ಯುವಕರಿಗೂ ತೆರೆಯಿತು.

ಹೊಸ್ತಿಲು, ಮುಖ, ಕಲ್ಲು ಮೂರರಲ್ಲೂ ಗೆರೆ ಉಳಿಯುವುದಿಲ್ಲ, ಕೈಯಲ್ಲಿ ಕೂತ ಅಭ್ಯಾಸ ಉಳಿಯುತ್ತದೆ. ಆದರೆ ಇದರಲ್ಲಿ ಒಂದು ನಷ್ಟವೂ ಇದೆ. ಅಳಿದುಹೋದ ಚಿತ್ರವನ್ನು ನಿನ್ನೆಯದರ ಪಕ್ಕದಲ್ಲಿಟ್ಟು ನೋಡಲಾಗದು. ಬರೆದವರ ಹೆಸರು ಉಳಿಯದು. ರೂಪ ಮೊದಲೇ ಗೊತ್ತಾಗಿರುವುದರಿಂದ, ಇನ್ನೂ ಯಾರೂ ಬರೆಯದಿದ್ದುದನ್ನು ಬರೆಯುವ ತುರ್ತೂ ಹುಟ್ಟದು. ಆ ಇನ್ನೊಂದು ದಾರಿ ತೆರೆಯಲು ಕಾಗದ ಬರಬೇಕಾಯಿತು.

ಕಟ್ಟಿಂಗೇರಿಯಿಂದ ಮುಂಬಯಿಗೆ

ಮದ್ರಾಸಿನ ಕಲಾಶಾಲೆ 1850ರಲ್ಲಿ, ಮುಂಬಯಿಯ ಜೆ.ಜೆ. ಕಲಾಶಾಲೆ 1857ರಲ್ಲಿ ಆರಂಭವಾದವು. ಉಡುಪಿ ಆಗ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ಆದರೆ ಕರಾವಳಿಯ ಯುವಕರಿಗೆ ಹೊಟ್ಟೆಪಾಡಿನ ದಾರಿ ತೋರುತ್ತಿದ್ದುದು ಮುಂಬಯಿ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರೂ ಅದೇ ದಾರಿ ಹಿಡಿದರು. ಬಡ ಮನೆ, ತುಳು ಮಾತು, ಸುತ್ತ ಗದ್ದೆ ತೋಟ, ರಾತ್ರಿ ಬಯಲಾಟ, ನಾಗಮಂಡಲ, ಕೋಲ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಸ್ವಲ್ಪ ಕಾಲ ಕಲಿತ ಅವರು ಮುಂಬಯಿಗೆ ಹೋಗಿ ದಂಡಾವತಿಮಠರ ನೂತನ ಕಲಾಮಂದಿರ ಸೇರಿದರು. 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದರು. 1940ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಯೇ ಅಧ್ಯಾಪಕರೂ ಆದರು.

ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಸುಖಾಂತ್ಯವಾಗುತ್ತದೆ. ಹಳ್ಳಿಯ ಹುಡುಗ ನಗರಕ್ಕೆ ಹೋದ, ವಿದ್ಯೆ ಕಲಿತ, ಕೆಲಸ ಹಿಡಿದ. ಹೆಬ್ಬಾರರ ನಿಜವಾದ ಕಲಿಕೆ ಆರಂಭವಾದದ್ದು ಇದರ ನಂತರ. ಕಲಾಶಾಲೆ ಅವರಿಗೆ ಕಂಡದ್ದನ್ನು ಕಂಡಂತೆ ಬರೆಯುವ ಪಾಶ್ಚಾತ್ಯ ಶಿಸ್ತನ್ನು ಕೊಟ್ಟಿತ್ತು. ನೆರಳು ಬೆಳಕು, ಮೈಕಟ್ಟು, ದೂರ ಸಮೀಪ ಎಲ್ಲವೂ ಕೈವಶವಾಗಿದ್ದವು. ಆದರೆ ಆ ಕೈಗೆ ಕಟ್ಟಿಂಗೇರಿಯ ಕಣ್ಣು ಇರಲಿಲ್ಲ. ಚೆನ್ನಾಗಿ ಪಳಗಿದ ಕೈ ತನಗೆ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಮಾಡುತ್ತ ಹೋಗುವ ಅಪಾಯವಿದೆ. ದಿನವೂ ಬರೆಯುವವರಿಗೆ ಎದುರಾಗುವ ಎರಡನೆಯ ಕಂಟಕ ಇದು. ಮೊದಲನೆಯದು ಬರುವುದಿಲ್ಲವೆಂಬ ನಾಚಿಕೆ, ಎರಡನೆಯದು ಬರುತ್ತದೆಂಬ ನೆಮ್ಮದಿ. ಮೊದಲನೆಯದನ್ನು ದಿನಗಳ ಎಣಿಕೆ ದಾಟಿಸುತ್ತದೆ. ಎರಡನೆಯದನ್ನು ದಾಟಲು ಎಣಿಕೆ ಸಾಲದು.

ಹೆಬ್ಬಾರರು ಹಿಂದಿರುಗಿ ಹುಡುಕಿದರು. ಜೈನ ಹಸ್ತಪ್ರತಿಗಳ ಚಿತ್ರಗಳು, ರಜಪೂತ ಮತ್ತು ಮೊಗಲ್ ಕಿರುಚಿತ್ರಗಳು ಅವರಿಗೆ ರೇಖೆಯ ಬೇರೊಂದು ವ್ಯಾಕರಣ ತೋರಿಸಿದವು. ಅಮೃತಾ ಶೇರ್‌ಗಿಲ್ ಅವರ ಕೃತಿಗಳು ಭಾರತೀಯ ಬದುಕನ್ನು ಹೊಸ ರೀತಿಯಲ್ಲಿ ಬರೆಯಬಹುದೆಂಬ ಧೈರ್ಯ ಕೊಟ್ಟವು. 1949-50ರಲ್ಲಿ ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ತಾವೇ ಕಲಾಶಾಲೆಯಲ್ಲಿ ಪಾಠ ಹೇಳಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಇನ್ನೊಂದು ಶಾಲೆಯ ಬೆಂಚಿನ ಮೇಲೆ ಕುಳಿತುಕೊಳ್ಳುವುದು ಸಣ್ಣ ನಿರ್ಧಾರವಲ್ಲ.

ಗೆಜ್ಜೆ ಕಟ್ಟಿದ ಚಿತ್ರಕಾರ

ಇದಕ್ಕಿಂತಲೂ ಅಪರೂಪದ್ದು ಅವರು ಕಥಕ್ ಕಲಿತದ್ದು. ರಂಗದ ಮೇಲೆ ಕುಣಿಯುವ ಆಸೆಯಿಂದಲ್ಲ, ಲಯವನ್ನು ಒಳಗಿನಿಂದ ತಿಳಿಯಲು ಅವರು ಪಂಡಿತ್ ಸುಂದರ ಪ್ರಸಾದರ ಬಳಿ ಎರಡು ವರ್ಷ ನೃತ್ಯಾಭ್ಯಾಸ ಮಾಡಿದರು. ನರ್ತಕನನ್ನು ಹೊರಗಿನಿಂದ ನೋಡಿ ಬರೆಯುವವನಿಗೆ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂಬುದು ಕಾಣುತ್ತದೆ. ತಾನೇ ಹೆಜ್ಜೆ ಹಾಕಿದವನಿಗೆ ಭಾರ ಯಾವ ಹಿಮ್ಮಡಿಯ ಮೇಲೆ ಬಿತ್ತು, ತಿರುವು ಸೊಂಟದಿಂದ ಹೊರಟು ಭುಜಕ್ಕೆ ಯಾವಾಗ ಮುಟ್ಟಿತು ಎಂಬುದು ಗೊತ್ತಾಗುತ್ತದೆ. ಶಿಲ್ಪಿಗೆ ತಾಳವೆಂದರೆ ಅಳತೆ, ನರ್ತಕನಿಗೆ ತಾಳವೆಂದರೆ ಕಾಲದ ಪ್ರಮಾಣ. ಹೆಬ್ಬಾರರ ರೇಖೆಯಲ್ಲಿ ಇವೆರಡೂ ಒಂದಾದವು ಎನ್ನಬಹುದು.

ಅವರ ರೇಖಾಚಿತ್ರಗಳ ಸಂಕಲನಕ್ಕೆ ‘ಸಿಂಗಿಂಗ್ ಲೈನ್’, ಎಂದರೆ ಹಾಡುವ ರೇಖೆ, ಎಂದು ಹೆಸರು. ನರ್ತಕಿಯರು, ವಾದ್ಯಗಾರರು, ದುಡಿಯುವ ಜನ ಅಲ್ಲಿ ಕೆಲವೇ ಗೆರೆಗಳಲ್ಲಿ ಮೂಡಿದ್ದಾರೆ. ನೆರಳಿಲ್ಲ, ಬಣ್ಣವಿಲ್ಲ. ಗೆರೆ ಒಂದೆಡೆ ದಪ್ಪವಾಗಿ ಭಾರವನ್ನು ಹೇಳುತ್ತದೆ, ಇನ್ನೊಂದೆಡೆ ತೆಳುವಾಗಿ ವೇಗವನ್ನು ಹೇಳುತ್ತದೆ. ಕೆಲವೆಡೆ ಗೆರೆಯೇ ಇಲ್ಲ. ಅಲ್ಲಿ ಏನಿರಬೇಕೆಂಬುದನ್ನು ನೋಡುವವನ ಕಣ್ಣು ತುಂಬಿಕೊಳ್ಳುತ್ತದೆ. ಇಷ್ಟು ಕಡಿಮೆ ಬರೆಯಲು ಎಷ್ಟು ಹೆಚ್ಚು ಬರೆದಿರಬೇಕು ಎಂಬುದನ್ನು ಪೆನ್ಸಿಲ್ ಹಿಡಿದು ಒಮ್ಮೆ ಅನುಕರಿಸಲು ಹೊರಟವರು ತಕ್ಷಣ ಅರಿಯುತ್ತಾರೆ. ಗೆರೆಯ ಮೇಲಿನ ಒಲವು ಅವರ ಮನೆಯೊಳಗೂ ಇತ್ತು. ಮಗಳಿಗೆ ರೇಖಾ ಎಂದೇ ಹೆಸರು. ಮುಂದೆ ಅವರೂ ಚಿತ್ರಕಾರರಾದರು.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. ಬೆಂಗಳೂರಿನ ವೆಂಕಟಪ್ಪ ಕಲಾಗ್ಯಾಲರಿಗೆ ಹೆಬ್ಬಾರರು ಕೃತಿಗಳನ್ನು ಕೊಡುಗೆಯಾಗಿ ಕೊಟ್ಟರು. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಮತ್ತು ಕಲಾಕೇಂದ್ರ ಇದೆ. 1996ರಲ್ಲಿ ಮುಂಬಯಿಯಲ್ಲಿ ತೀರಿಕೊಳ್ಳುವವರೆಗೂ ಅವರ ಶೈಲಿ ಹಲವು ಸಲ ಹೊರಳಿತು. ರೇಖಾಚಿತ್ರದ ಅಭ್ಯಾಸ ಮಾತ್ರ ಕೈಬಿಡಲಿಲ್ಲ. ಕಾಗದದ ಮೇಲೆ ಉಳಿದ ಗೆರೆಗೆ ಇದೊಂದು ಅನುಕೂಲ. ಅದು ಹಳೆಯ ತನ್ನನ್ನು ಹೊಸ ತನ್ನ ಮುಂದೆ ಸಾಕ್ಷಿಗೆ ನಿಲ್ಲಿಸುತ್ತದೆ.

ಲೋಕದ ಕೆಲವು ದಿನಚರಿಗಳು

ದಿನಕ್ಕೊಂದು ಗೆರೆಯ ಮಾತು ಬಂದಾಗ ಯೂರೋಪಿನವರು ನೆನೆಯುವುದು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಚಿತ್ರಕಾರ ಅಪೆಲ್ಲೀಸನನ್ನು. ಎಷ್ಟೇ ಕೆಲಸವಿರಲಿ, ಗೆರೆ ಎಳೆಯದೆ ಅವನು ಒಂದು ದಿನವನ್ನೂ ಕಳೆಯುತ್ತಿರಲಿಲ್ಲವೆಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಆ ಕಥೆ ಮುಂದೆ ಗಾದೆಯಾಯಿತು. ಜಪಾನಿನ ಹೊಕುಸಾಯ್ (1760-1849) 1842ರ ಕೊನೆಯಿಂದ ಮರುವರ್ಷದವರೆಗೆ, ಎಂಬತ್ತು ದಾಟಿದ ಮೇಲೆ, ಪ್ರತಿ ಬೆಳಿಗ್ಗೆ ಒಂದು ಸಿಂಹ ಬರೆಯುವ ವ್ರತ ಹಿಡಿದ. ಕೇಡು ದೂರವಿಡುವ ನಂಬಿಕೆ ಅದರ ಹಿಂದಿತ್ತು. ಕುಣಿಯುವ, ಮಲಗಿದ, ಗುರುಗುಟ್ಟುವ ಸಿಂಹಗಳ ಇನ್ನೂರಕ್ಕೂ ಹೆಚ್ಚು ಹಾಳೆಗಳು ಉಳಿದಿವೆ. ಸೋಣ ತಿಂಗಳ ಹೊಸ್ತಿಲಿಗೂ ಎದೊ ನಗರದ ಆ ಮುದುಕನ ಹಾಳೆಗೂ ಸಂಬಂಧವಿಲ್ಲ. ಆದರೆ ಎರಡೂ ಕಡೆ ಅಭ್ಯಾಸಕ್ಕೆ ಆಧಾರವಾದದ್ದು ಶ್ರದ್ಧೆಯೇ.

ನಮ್ಮ ದೇಶದಲ್ಲಿ ಶಾಂತಿನಿಕೇತನದ ನಂದಲಾಲ ಬೋಸರು (1882-1966) ಪೋಸ್ಟ್ ಕಾರ್ಡಿನ ಅಳತೆಯ ಹಾಳೆಗಳ ಮೇಲೆ ಕಂಡದ್ದನ್ನೆಲ್ಲ ಬರೆಯುತ್ತಿದ್ದರು, ಶಿಷ್ಯರಿಗೆ ಅಂಥ ಕಾರ್ಡುಗಳನ್ನೇ ಪತ್ರವಾಗಿ ಕಳಿಸುತ್ತಿದ್ದರು. ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ (1921-2015) ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ಸಿಗಲಿಲ್ಲ. ಕಾಗೆ, ಮರ, ಬೀದಿಯ ಜನರನ್ನು ಬರೆದೇ ಕಲಿತ ಅವರು 1951ರಿಂದ ಐದು ದಶಕಗಳಿಗೂ ಹೆಚ್ಚು ಕಾಲ ಪತ್ರಿಕೆಯ ಪುಟದಲ್ಲಿ ‘ಶ್ರೀಸಾಮಾನ್ಯ’ನನ್ನು ನಿಲ್ಲಿಸಿದರು. ಕಲಾಶಾಲೆ ಒಬ್ಬರಿಗೆ ತೆರೆದ ಬಾಗಿಲು, ಇನ್ನೊಬ್ಬರಿಗೆ ಮುಚ್ಚಿದ ಬಾಗಿಲು. ಇಬ್ಬರೂ ಕೊನೆಗೆ ನೆಚ್ಚಿದ್ದು ದಿನದ ಅಭ್ಯಾಸವನ್ನೇ.

ಕಾಪುವಿನ ದೀಪಸ್ತಂಭದ ಪಾಠ

ದಿನವೂ ಬರೆದರೆ ಕಲಿಯುವುದೇನು ಎಂಬುದಕ್ಕೆ ಕಾಪು ಕಡಲತೀರ ಒಳ್ಳೆಯ ಉದಾಹರಣೆ. 1901ರ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ. ಕೆಳಗೆ ಮರಳು, ಎದುರಿಗೆ ಕಡಲು, ಹಿಂದೆ ತೆಂಗು. ಹೊಸಬರು ಬರೆಯುವ ಚಿತ್ರದಲ್ಲಿ ಕಡಲಿನ ಅಂಚು ಎಲ್ಲೆಂದರಲ್ಲಿ ಇರುತ್ತದೆ. ಕೆಲವು ದಿನ ಬರೆದ ಮೇಲೆ ಒಂದು ಸಂಗತಿ ಹೊಳೆಯುತ್ತದೆ. ಮರಳಿನ ಮೇಲೆ ಕುಳಿತಾಗ ದಿಗಂತ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಬಂಡೆ ಹತ್ತಿದರೆ ತಾನೂ ಹತ್ತಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಹೀಗಾಗಿ ಕುಳಿತವನಿಗೆ, ಅದೇ ಮರಳಿನ ಮೇಲೆ ತುಸು ದೂರದಲ್ಲಿ ನಿಂತವರ ತಲೆ ದಿಗಂತದ ಗೆರೆಯನ್ನು ದಾಟಿ ಮೇಲೆ ಕಾಣುತ್ತದೆ. ಬಂಡೆಯ ಮೇಲಿಂದ ನೋಡಿದರೆ ಅವರೆಲ್ಲ ಆ ಗೆರೆಯ ಕೆಳಗೆ ಇಳಿಯುತ್ತಾರೆ. ದೂರದರ್ಶನ ಶಾಸ್ತ್ರದ ಪುಸ್ತಕ ಅಧ್ಯಾಯಗಟ್ಟಲೆ ಹೇಳುವ ಮಾತು ಇದು.

ಸ್ತಂಭದ ತುದಿಯ ಸುತ್ತುಕಟ್ಟೆ ನಿಜದಲ್ಲಿ ದುಂಡು. ಕೆಳಗಿನಿಂದ ನೋಡುವಾಗ ಅದರ ಮುಂಭಾಗದ ಅಂಚು ಮೇಲಕ್ಕೆ ಬಾಗಿದ ಕಮಾನಾಗಿ ಕಾಣುತ್ತದೆ. ಬುಡದ ಕಡೆಗೆ ಬಂದಂತೆ ಬಾಗು ಕಡಿಮೆಯಾಗುತ್ತದೆ. ಗೊತ್ತಿದ್ದುದನ್ನು ಬರೆಯುವವನು ನೇರ ಗೆರೆ ಎಳೆಯುತ್ತಾನೆ. ಕಂಡದ್ದನ್ನು ಬರೆಯುವವನು ಬಾಗಿದ ಗೆರೆ ಎಳೆಯುತ್ತಾನೆ. ತೆಂಗಿನ ಮರದ್ದೂ ಇದೇ ಕಥೆ. ಎಲ್ಲ ಮಕ್ಕಳೂ ಅದನ್ನು ಕಂಬದ ತುದಿಯಲ್ಲಿ ಚಿಮ್ಮುವ ಕಾರಂಜಿಯಂತೆ ಬರೆಯುತ್ತಾರೆ. ನೋಡುತ್ತ ಹೋದರೆ ಎಳೆಯ ಗರಿ ನೆಟ್ಟಗೆ ನಿಂತಿರುವುದು, ನಡುವಿನವು ಅಡ್ಡ ಚಾಚಿರುವುದು, ಹಳೆಯವು ಕೆಳಗೆ ಜೋತಿರುವುದು, ಉದುರಿದ ಗರಿಗಳ ಗುರುತು ಕಾಂಡದ ಮೇಲೆ ಉಂಗುರವಾಗಿ ಉಳಿದಿರುವುದು ಒಂದೊಂದಾಗಿ ಕಾಣುತ್ತವೆ. ಹುಟ್ಟಿದಾಗಿನಿಂದ ನೋಡಿದ ಮರವನ್ನು ಅದುವರೆಗೆ ನೋಡಿಯೇ ಇರಲಿಲ್ಲ ಎಂಬ ಅರಿವು ಆಗ ಮೂಡುತ್ತದೆ. ಕೈ ಪಳಗುವುದು ಈ ಅಭ್ಯಾಸದ ಕಣ್ಣಿಗೆ ಕಾಣುವ ಫಲ. ನೋಟ ಪಳಗುವುದು ಅದಕ್ಕಿಂತ ದೊಡ್ಡ ಫಲ.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದಕ್ಕೆ ಪೂರಕವಾಗಿವೆ. ಕೆಲವು ಪದಗಳನ್ನು ಬರಿದೇ ಬರೆದುಕೊಂಡವರಿಗಿಂತ, ಆ ಪದ ಸೂಚಿಸುವ ವಸ್ತುವಿನ ಚಿತ್ರ ಬರೆದವರಿಗೆ ಅವು ಹೆಚ್ಚು ನೆನಪಿನಲ್ಲಿ ಉಳಿದವು. ಚಿತ್ರ ಚೆನ್ನಾಗಿರಬೇಕೆಂಬ ನಿಯಮವೂ ಇರಲಿಲ್ಲ.

ಕಳಚಿ ಕಟ್ಟಿದ ಮನೆಗಳು

ನೋಟ ಪಳಗಿದರೆ ಏನು ಉಪಯೋಗ ಎಂದು ಕೇಳುವವರಿಗೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಒಂದು ಉತ್ತರ. ವಿಜಯನಾಥ ಶೆಣೈ (1934-2017) ಅವರು ವಾಸ್ತುಶಿಲ್ಪದ ಪದವಿ ಪಡೆದವರಲ್ಲ. ಹಳೆಯ ಮನೆಗಳು ಉರುಳಿ, ಕಂಬ ಬಾಗಿಲುಗಳು ಸೌದೆಯ ಬೆಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವನ್ನು ನಿಂತು ನೋಡಿದವರು. ಕಾರ್ಕಳ ಕಡೆಯ ಮಿಯಾರು ಮನೆ, ಕುಂದಾಪುರ ಕಡೆಯ ಹರ್ಕೂರಿನ ಮನೆ ಮೊದಲಾದ ಕಟ್ಟಡಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಒಂದು ಮನೆಯನ್ನು ಕಳಚಿ ಬೇರೆಡೆ ಕಟ್ಟಬೇಕಾದರೆ ಪ್ರತಿ ತೊಲೆ, ಪ್ರತಿ ಬೆಣೆ ಎಲ್ಲಿತ್ತು ಎಂಬುದು ಅಳತೆಸಹಿತ ಕಾಗದದ ಮೇಲೆ ಬರಬೇಕು, ಬಿಡಿಭಾಗಗಳಿಗೆ ಸಂಖ್ಯೆ ಬೀಳಬೇಕು. ಅಲ್ಲಿ ರೇಖೆ ಅಲಂಕಾರವಲ್ಲ. ಮನೆ ಉಳಿಯುವುದೋ ಅಳಿಯುವುದೋ ಎಂಬುದು ಅದರ 정ನಿಖರತೆಯ ಮೇಲೆ ನಿಂತಿದೆ.

ನೆಲ ಗುಡಿಸಿ ಗೆರೆ ಎಳೆಯುವ ಸಂಪ್ರದಾಯ ಇಂದು ಸೊರಗುತ್ತಿರುವುದು ನಿಜ. ಹೊಸ್ತಿಲಿಗೆ ಅಂಟಿಸುವ ರಂಗೋಲಿ ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ. ಅದು ತೊಳೆದರೂ ಹೋಗುವುದಿಲ್ಲ, ಎಂದೂ ಸೊಟ್ಟಗಾಗುವುದಿಲ್ಲ. ಕಾಪುವಿಗೆ ಬಂದವರು ದೀಪಸ್ತಂಭವನ್ನು ಮೊಬೈಲ್ ಫೋನಿನಲ್ಲಿ ಹಿಡಿದು ನಿಮಿಷದೊಳಗೆ ಹೊರಡುತ್ತಾರೆ. ಇದೇ ಕಾಲದಲ್ಲಿ ಇನ್ನೊಂದು ಬಗೆಯ ಹಂಬಲವೂ ಕಾಣಿಸಿಕೊಂಡಿದೆ. 2009ರಲ್ಲಿ ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿಚಿತ್ರ ಬರೆಯುವ ಸಂಕಲ್ಪ ಮಾಡಿದರು. ಇಂಕ್ಟೋಬರ್ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹಬ್ಬಿತು. ತಿಂಗಳೊಂದು, ದಿನಕ್ಕೊಂದು ಚಿತ್ರ, ತಪ್ಪಿಸಬಾರದೆಂಬ ನೇಮ. ಉಡುಪಿಯ ಹಳ್ಳಿಯ ಹಿರಿಯಾಕೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೋಣ ಸಂಕ್ರಾಂತಿಯಿಂದ ಆಕೆ ಮಾಡುತ್ತ ಬಂದದ್ದು ಅದನ್ನೇ.

ಎರಡು ಪರಂಪರೆಗಳೂ ಒಂದೊಂದು ಮಾತನ್ನು ಉಳಿಸಿಕೊಟ್ಟಿವೆ. ಅಳಿಯುವ ಗೆರೆ ಹೇಳುವುದು, ಇಂದಿನದು ಕೆಟ್ಟರೆ ಚಿಂತೆಯಿಲ್ಲ, ನಾಳೆ ಮತ್ತೆ ಬರೆ ಎಂದು. ಉಳಿಯುವ ಗೆರೆ ಹೇಳುವುದು, ನಿನ್ನೆಯದನ್ನು ತೆಗೆದು ನೋಡು, ಬರುತ್ತದೆಂದು ಮೈಮರೆಯಬೇಡ ಎಂದು. ಮೊದಲನೆಯದು ಇಲ್ಲದಿದ್ದರೆ ಅಭ್ಯಾಸ ಹುಟ್ಟುವುದಿಲ್ಲ. ಎರಡನೆಯದು ಇಲ್ಲದಿದ್ದರೆ ಅದು ಬೆಳೆಯುವುದಿಲ್ಲ. ತಿದ್ದುವುದು ಎಂಬ ಹಳೆಯ ಕನ್ನಡದ ಮಾತಿನಲ್ಲಿ ಇವೆರಡೂ ಮೊದಲಿನಿಂದಲೇ ಒಟ್ಟಿಗಿವೆ.